23ಕ್ಕೂ 24ಕ್ಕೂ ನಡುವಿನ ಜಗಳ

ಮೊನ್ನೆ ಹಳೇ ಕಂಪ್ಯೂಟರ್ ಒಂದನ್ನು ಟೀವಿಗೆ ಜೋಡಿಸಿ ಇಂಗ್ಲಿಷ್ ಸಿನಿಮಾ ಹಾಕಿದೆ. ಚಿತ್ರವೇನೋ ಚೆನ್ನಾಗಿತ್ತು, ಆದರೆ ಮುಕ್ಕಾಲು ನಿಮಿಷಕ್ಕೊಮ್ಮೆ ಸಣ್ಣಗೆ ಎಡವಿದ ಹಾಗೆ. ಅಪ್ಪನಿಗೆ ಕಾಣಲೇ ಇಲ್ಲ. ನನಗೆ ಮಾತ್ರ ಅದೇ ಕಾಣುತ್ತಿತ್ತು, ಕಥೆ ತಲೆಗೆ ಹೋಗಲಿಲ್ಲ! ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 23 ಹರ್ಟ್ಸ್, 24 ಹರ್ಟ್ಸ್ ಎಂಬ ಎರಡು ಆಯ್ಕೆಗಳಿದ್ದವು. ಸಿನಿಮಾ ಅಂದರೆ ಸೆಕೆಂಡಿಗೆ 24 ಫ್ರೇಮು ಅಂತ ಜಾಣನ ಹಾಗೆ 24 ಆರಿಸಿದ್ದೆ. ತಪ್ಪಿದ್ದು ಅಲ್ಲೇ.

ಇದರ ಬೇರು ಇರುವುದು 1953ರ ಅಮೆರಿಕದಲ್ಲಿ. ಅಲ್ಲಿನ ಕಪ್ಪು-ಬಿಳುಪು ಟೀವಿ ಸೆಕೆಂಡಿಗೆ 30 ಫ್ರೇಮು ತೋರಿಸುತ್ತಿತ್ತು. ಅದೇ ಸಿಗ್ನಲ್ಲಿನೊಳಗೆ ಬಣ್ಣವನ್ನೂ ತುರುಕಬೇಕು, ಮನೆಮನೆಯ ಹಳೇ ಸೆಟ್ಟುಗಳೂ ನಡೆಯಬೇಕು. ಬಣ್ಣದ ಸಿಗ್ನಲ್ಲಿಗೂ ಧ್ವನಿಯ ಸಿಗ್ನಲ್ಲಿಗೂ ತಾಕಲಾಟವಾಗಿ ಪರದೆ ಕೆಡದಿರಲಿ ಎಂದು ಎಂಜಿನಿಯರುಗಳು ವೇಗವನ್ನು ಸುಮಾರು ಸಾವಿರಕ್ಕೊಂದರಷ್ಟು ತಗ್ಗಿಸಿ 29.97 ಮಾಡಿದರು. ಅದಕ್ಕೆ ಹೊಂದಿಕೊಂಡು ಸಿನಿಮಾದ 24 ವಿಡಿಯೋದಲ್ಲಿ 23.976 ಆಯಿತು, ಮುಂದೆ ಬ್ಲೂ-ರೇಗೂ ಅದೇ ಅಂಟಿಕೊಂಡಿತು. ಅಂಥದ್ದನ್ನು 24 ಹರ್ಟ್ಸಿನಲ್ಲಿ ತೋರಿಸಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮು ಎರಡು ಸಲ ಬರಲೇಬೇಕು.

ಅಂದ ಹಾಗೆ, ನಮ್ಮ ದೂರದರ್ಶನ ಹಿಡಿದದ್ದು ಪಾಲ್ ಪದ್ಧತಿ, ಸೆಕೆಂಡಿಗೆ 25. ಅದರ ಗೋಳೇ ಬೇರೆ: 24ರ ಸಿನಿಮಾವನ್ನು 25ರಲ್ಲಿ ಓಡಿಸಿದರೆ ಹಾಡಿನ ಶ್ರುತಿಯೂ ಚೂರು ಏರುತ್ತದೆ!

2010ರ ಸುಮಾರಿಗೆ ಹೋಂ ಥಿಯೇಟರ್ ಕಂಪ್ಯೂಟರ್ ಜೋಡಿಸುವವರಿಗೆ ಇದೇ ತಲೆನೋವು. ಆ ವರ್ಷ ಬಂದ ಇಂಟೆಲ್ ಕ್ಲಾರ್ಕ್‌ಡೇಲ್‌ನ ಗ್ರಾಫಿಕ್ಸಿಗೆ ಬ್ಲೂ-ರೇ ಓಡಿಸುವುದು ಸಲೀಸು, ಆದರೆ 23.976 ಕೇಳಿದರೆ 24 ಕೊಡುತ್ತಿತ್ತು. ಇದೊಂದಕ್ಕೇ ಬೇರೆ ವಿಡಿಯೋ ಕಾರ್ಡ್ ಹಾಕಿಕೊಂಡವರಿದ್ದರು. ಪೂರ್ತಿ ಸರಿಹೋಗಿದ್ದು 2013ರ ಹ್ಯಾಸ್‌ವೆಲ್‌ನಲ್ಲಿ.

ನನಗೆ ಕಾರ್ಡಿನ ಖರ್ಚು ಬರಲಿಲ್ಲ. 23 ಆರಿಸಿದೆ, ಎಡವುವುದು ನಿಂತಿತು. ಅಪ್ಪ ಮಾತ್ರ, "ಈಗೇನೋ ಬದಲಾಯ್ತು?" ಅಂದರು.