ಹೊಲದ ಮಣ್ಣು, ಮನೆಯ ಗೋದಲಿ

ಕ್ರಿಸ್ತಜಯಂತಿ ಹತ್ತಿರವಾದಂತೆ ನಮ್ಮ ಅನೇಕ ಮನೆಗಳಲ್ಲಿ ಸಂತೋಷದ ಜೊತೆಗೆ ಒಂದು ಅಳುಕೂ ಮೂಡುತ್ತದೆ. ನಾಲ್ಕು ಜನರನ್ನು ಕರೆದರೆ ಶಾಮಿಯಾನ ಬೇಕು, ಬಿರಿಯಾನಿ ಬೇಕು, ಕೈಯಲ್ಲಿ ಹಣವಿಲ್ಲ. ಆದ್ದರಿಂದ ಯಾರನ್ನೂ ಕರೆಯದೆ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಧರ್ಮಸಭೆಯ ಚರಿತ್ರೆ ಹೇಳುವುದು ಬೇರೆ.

ಆದಿ ಕ್ರೈಸ್ತರು ಕೂಡಿ ಪ್ರಾರ್ಥಿಸಿ ಉಣ್ಣುತ್ತಿದ್ದುದು ಮನೆಗಳಲ್ಲಿ. ಡೇರೆ ಹೊಲಿದು ಬದುಕುತ್ತಿದ್ದ ಅಕ್ವಿಲ, ಪ್ರಿಸಿಲ್ಲ ದಂಪತಿಯ ಮನೆಯಲ್ಲಿ ಸೇರುತ್ತಿದ್ದ ಸಭೆಗೆ ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ವಂದನೆ ಕಳುಹಿಸುತ್ತಾರೆ. ದುಡಿದು ಉಣ್ಣುವವರ ಮನೆಯೇ ಅಂದು ದೇವಾಲಯವಾಗಿತ್ತು.

1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಕ್ರಿಸ್ತಜಯಂತಿ ಆಚರಿಸಿದರು. ಅವರು ಕೇಳಿದ್ದು ಒಂದು ಗೋದಲಿ, ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ, ಇಷ್ಟೇ. ಊರವರು ದೀವಟಿಗೆ ಹಿಡಿದು ಬಂದರು. ಗೋದಲಿಯ ಬಳಿಯೇ ಬಲಿಪೂಜೆ ನಡೆಯಿತು. ಆ ಹುಲ್ಲನ್ನು ಜನ ಕಾಯ್ದಿಟ್ಟು, ತಮ್ಮ ದನಕರುಗಳ ಕಾಯಿಲೆಗೆ ಬಳಸಿದರೆಂದು ಅವರ ಜೀವನಚರಿತ್ರೆಕಾರ ಚೆಲಾನೊದ ಥಾಮಸ್ ಬರೆದಿದ್ದಾರೆ. ಅಂದು ಸೇರಿದವರೂ ನಮ್ಮಂತೆ ದನಕರುಗಳನ್ನು ನಂಬಿ ಬದುಕಿದ ಜನ.

ಅದೇ ಫ್ರಾನ್ಸಿಸ್ಕನ್ ಸಭೆಯವರಾದ ಜಾನ್ ಫಾರೆಸ್ಟ್ ಹೋಗನ್‌ರವರು 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರದ ಮೊದಲ ಧರ್ಮಾಧ್ಯಕ್ಷರಾದರು. ಆದರೆ ಗೋದಲಿ ಎಂಬ ಮಾತನ್ನು ಈ ನಾಡಿಗೆ ಯಾರೂ ಹೊರಗಿನಿಂದ ತರಬೇಕಾಗಿರಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ರೈತಮನೆಗಳಿಗೆ ಅದು ದಿನನಿತ್ಯದ ಮಾತು. ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಈ ಸೀಮೆಯ ನೆರೆಹೊರೆಯವರು ಮನೆಮಂದಿಯೆಲ್ಲ ಕುಳಿತು ಮಣ್ಣಿನ ಜೋಡೆತ್ತು ಮಾಡಿ, ಮುಂದೆ ಮಣ್ಣಿನ ಗೋದಲಿಯನ್ನೂ ಇಡುತ್ತಾರೆ. ಅದಕ್ಕೆ ತಗಲುವ ಖರ್ಚು ಒಂದು ಹಿಡಿ ಮಣ್ಣು.

ಪ್ರಿಯರೇ, ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ಆ ಹೆಸರಿಗೆ ತಕ್ಕಂತೆ ಈ ಸಲ ಒಂದು ಸಂಜೆಯನ್ನು ಗೋದಲಿಗೆಂದೇ ಮೀಸಲಿಡೋಣ. ಮಕ್ಕಳು ಹೊಲದ ಮಣ್ಣಿನಿಂದ ಎತ್ತು ಮಾಡಲಿ, ಅಪ್ಪ ಜೋಳದ ಸೊಪ್ಪೆಯಿಂದ ಮಾಡು ಹೊದಿಸಲಿ, ಅಜ್ಜಿ ತಾನು ಕಂಡ ಹಳೆಯ ಹಬ್ಬಗಳನ್ನು ಹೇಳಲಿ. ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಒಬ್ಬರು ಓದಲಿ. ಬಂದವರಿಗೆ ಮಂಡಕ್ಕಿ, ಮೆಣಸಿನಕಾಯಿ, ಚಹಾ ಸಾಕು. ಗುಳೆ ಹೋಗಿ ಹಬ್ಬಕ್ಕೆ ಮರಳಿದ ಕುಟುಂಬವನ್ನೂ, ಒಂಟಿಯಾಗಿರುವ ಹಿರಿಯರನ್ನೂ ಮೊದಲು ಕರೆಯೋಣ.

ಬೆತ್ಲೆಹೇಮಿನಲ್ಲಿ ತಂಗಲು ಸ್ಥಳವಿಲ್ಲದ ಕಾರಣ ಪ್ರಭುವನ್ನು ಗೋದಲಿಯಲ್ಲಿ ಮಲಗಿಸಿದರು. ನಮ್ಮ ಮನೆ ಚಿಕ್ಕದೆಂಬ ಕಾರಣಕ್ಕೆ ಯಾರೂ ಹೊರಗುಳಿಯದಿರಲಿ.