ಬಗ್ಲೂಸಿನ ಕಾಲ, ಉಡಿದಾರದ ಕಾಲ

ನಮ್ಮ ಚಿಂಚೋಳಿ 1948ರ ತನಕ ನಿಜಾಮರ ಸೀಮೆ. ಹೈದರಾಬಾದಿನ ದರ್ಬಾರಿಗೆ ಹೋಗುವ ಅಧಿಕಾರಿ ತಲೆಗೆ ದಸ್ತಾರ್, ಶೇರ್ವಾನಿಯ ಮೇಲೆ ಬಗ್ಲೂಸ್ ಎಂಬ ಅಲಂಕಾರದ ನಡುಪಟ್ಟಿ ಕಟ್ಟಲೇಬೇಕಿತ್ತು. ರೈತನ ನಡುವಿಗೆ ಉಡಿದಾರವೇ ಸಾಕು. ತೊಗಲೇನಿದ್ದರೂ ಚಪ್ಪಲಿಗೆ, ಬಾರುಕೋಲಿಗೆ, ಬಾವಿಯಿಂದ ನೀರೆತ್ತುವ ಕಪಿಲೆಗೆ. ಪಂಪ್‌ಸೆಟ್ಟು ಬಂದು ಕಪಿಲೆ ಹೋಯಿತು, ಪ್ಲಾಸ್ಟಿಕ್ ಬಂದು ಚಪ್ಪಲಿಯೂ. ತೊಗಲಿನಲ್ಲಿ ಅಷ್ಟು ದುಡಿದ ಸಮಗಾರರಿಗೆ ಸಿಕ್ಕಿದ್ದು ಊರ ಹೊರಗಿನ ಕೇರಿ, ಸಮಗಾರ ಶರಣ ಹರಳಯ್ಯನ ಕಲ್ಯಾಣ ಇಷ್ಟು ಹತ್ತಿರವಿದ್ದೂ!

ಅದೇ ತೊಗಲಿನಲ್ಲಿ ನಾನೀಗ ನನ್ನ ಮೊದಲ ಬೆಲ್ಟ್ ಹೊಲಿಯುತ್ತಿದ್ದೇನೆ. ಮೇಲ್ಪಟ್ಟಿಯಲ್ಲಿ ಎಲೆಯಾಕಾರ ಕೊರೆದು, ಅಡಿಯಿಂದ ಕೆಂಪು ತೊಗಲು ಕೂರಿಸಿ, ಸುತ್ತಲೂ ಹೊಲಿಗೆ. ಕೆಂಪು ತುಂಡಿನ ಅಂಚನ್ನು ತೆಳ್ಳಗೆ ಹೆರೆಯದಿದ್ದರೆ ಉಬ್ಬುತ್ತದೆ. ಬೀದರಿನ ಬಿದ್ರಿಯವರು ಲೋಹ ತೋಡಿ ಬೆಳ್ಳಿ ಬಡಿಯುತ್ತಾರೆ; ತೊಗಲಿಗೆ ಬಡಿತ ಆಗದು, ಅಂಟು ಮತ್ತು ದಾರವೇ ಗತಿ.