ಸುಂಕದಕಟ್ಟೆಯ ತಕ್ಕಡಿಯಿಂದ ಕ್ಯಾರವಾನಿನವರೆಗೆ

ಬೇಸಿಗೆ ರಜೆ ಬಂತೆಂದರೆ ಇಂಗ್ಲೆಂಡಿನ ರಸ್ತೆಗಳಲ್ಲಿ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಹೊರಟವರ ಸಾಲೇ ಕಾಣುತ್ತದೆ. ಈಗ ಆ ಸಾಲಿನಲ್ಲಿ ನಾವು ಕನ್ನಡಿಗರೂ ಇದ್ದೇವೆ. ಆದರೆ ಗಾಡಿಯನ್ನು ತೂಗಿ ನೋಡುವ ಪದ್ಧತಿ ಈ ನಾಡಿನಲ್ಲಿ ಮೋಟಾರು ಕಾರಿಗಿಂತ ಬಹಳ ಹಳೆಯದು.

18ನೇ ಶತಮಾನದಲ್ಲಿ ಇಲ್ಲಿನ ಅನೇಕ ಮುಖ್ಯ ರಸ್ತೆಗಳನ್ನು ಟರ್ನ್‌ಪೈಕ್ ಟ್ರಸ್ಟ್‌ಗಳು ಸುಂಕ ವಸೂಲಿ ಮಾಡಿ ನೋಡಿಕೊಳ್ಳುತ್ತಿದ್ದವು. ಭಾರದ ಗಾಡಿಗಳು ರಸ್ತೆಯನ್ನು ಹೊಲದಂತೆ ಉತ್ತುಹಾಕುತ್ತಿದ್ದವು. ಆದ್ದರಿಂದ 1741ರ ಕಾಯಿದೆಯು ಸುಂಕದಕಟ್ಟೆಗಳಲ್ಲಿ ತೂಕದ ಯಂತ್ರ ನಿಲ್ಲಿಸಿ, ಮಿತಿಮೀರಿದ ಭಾರಕ್ಕೆ ಹೆಚ್ಚಿನ ಸುಂಕ ಹಾಕಲು ಅವಕಾಶ ಕೊಟ್ಟಿತು. ಗಾಡಿಯನ್ನು ಸರಪಳಿಯಿಂದ ಮೇಲೆತ್ತಿ ಉದ್ದನೆಯ ತೂಕದ ಕೋಲಿಗೆ ನೇತುಹಾಕುವುದು ಒಂದು ಹಳೆಯ ಕ್ರಮ. ಅಂಥದೊಂದು ಕೋಲು ಸಫೋಕ್‌ನ ವುಡ್‌ಬ್ರಿಜ್ ಊರಿನ ಪಬ್ಬೊಂದರ ಗೋಡೆಯಲ್ಲಿ ಇಂದಿಗೂ ಉಳಿದಿದೆ.

1740ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ವಯಟ್ ಹೊಸ ಉಪಾಯ ಕಂಡುಹಿಡಿದರು. ನೆಲದ ಮಟ್ಟದ ಹಲಗೆ, ಅದರ ಕೆಳಗೆ ಒಂದಕ್ಕೊಂದು ಜೋಡಿಸಿದ ಸನ್ನೆಗಳು. ಗಾಡಿ ಹಲಗೆಯ ಮೇಲೆ ಎಲ್ಲಿ ನಿಂತರೂ ತೂಕ ಒಂದೇ! ಇಂದಿನ ವೇಬ್ರಿಜ್‌ನ ಮೂಲಪುರುಷ ಇದೇ.

ಇನ್ನು ಕ್ಯಾರವಾನಿನ ಕಥೆ. ನೌಕಾಪಡೆಯಲ್ಲಿ ವೈದ್ಯರಾಗಿದ್ದ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ವಿಹಾರಕ್ಕೆಂದೇ 'ವಾಂಡರರ್' ಎಂಬ ಗಾಡಿಯನ್ನು ಬ್ರಿಸ್ಟಲ್‌ನಲ್ಲಿ ಕಟ್ಟಿಸಿದರು. ಸುಮಾರು 2 ಟನ್ ಭಾರದ ಅದನ್ನು ಎರಡು ಕುದುರೆಗಳು ಸ್ಕಾಟ್‌ಲೆಂಡಿನ ಇನ್ವರ್ನೆಸ್‌ವರೆಗೆ ಎಳೆದವು. 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಕಂಪನಿ ಕಾರು ಎಳೆಯುವ ಕ್ಯಾರವಾನುಗಳ ತಯಾರಿಕೆ ಆರಂಭಿಸಿತು. ಕುದುರೆಗೆ ಭಾರವಾದರೆ ಅದು ನಿಂತುಬಿಡುತ್ತದೆ. ಕಾರು ಹಾಗಲ್ಲ, ಎಳೆಯುತ್ತಲೇ ಹೋಗುತ್ತದೆ. ಅಪಾಯ ತಿಳಿಯುವುದು ಇಳಿಜಾರಿನಲ್ಲಿ.

ನಮ್ಮ ಹಳ್ಳಿಯ ಗಾಡಿ ಹೊಡೆಯುವವರಿಗೆ ಈ ಗುಟ್ಟು ಗೊತ್ತಿತ್ತು. ಹಿಂದೆ ಭಾರವಾದರೆ ನೊಗ ಮೇಲೇಳುತ್ತದೆ, ಮುಂದೆ ಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಕ್ಯಾರವಾನಿನ ಮೂತಿಯ ಭಾರವೂ ಹೀಗೆಯೇ. ಒಟ್ಟು ತೂಕದ 5ರಿಂದ 7 ಶೇಕಡಾದಷ್ಟು ಇರಲಿ ಎಂಬುದು ಸಾಮಾನ್ಯ ಸಲಹೆ. ಆದರೆ ಕಾರು ಮತ್ತು ಕೊಂಡಿಗೆ ಗೊತ್ತುಮಾಡಿದ ಮಿತಿಯನ್ನು ದಾಟಬಾರದು. ಅದು ತೀರ ಕಡಿಮೆಯಾದರೆ ಕ್ಯಾರವಾನ್ ಹಾವಿನಂತೆ ಹೊಯ್ದಾಡುತ್ತದೆ.

ತೂಗುವಾಗ ಒಂದು ಸೂಕ್ಷ್ಮವಿದೆ. ಕಾರಿಗೆ ಜೋಡಿಸಿಯೇ ಇದ್ದು, ಕ್ಯಾರವಾನಿನ ಚಕ್ರಗಳು ಮಾತ್ರ ವೇಬ್ರಿಜ್ ಮೇಲಿದ್ದಾಗ 1,320 ಕೆ.ಜಿ. ಬಂತೆನ್ನಿ. ಮೂತಿಯ ಭಾರ 80 ಕೆ.ಜಿ. ಕಾರಿನ ಮೇಲಿರುತ್ತದೆ. ಎರಡನ್ನೂ ಕೂಡಿದರೆ ನಿಜವಾದ ತೂಕ 1,400 ಕೆ.ಜಿ. ಫಲಕದ ಮೇಲಿನ ಮಿತಿಯೂ 1,400 ಆಗಿದ್ದರೆ ಇನ್ನೊಂದು ಅಕ್ಕಿ ಚೀಲಕ್ಕೂ ಎಡೆಯಿಲ್ಲ! ಕಾರಿನ ಅಚ್ಚುಗಳ ಮೇಲಿನ ಭಾರವನ್ನೂ ಜೋಡಿಯ ಒಟ್ಟು ಭಾರವನ್ನೂ ಕಾರಿನ ಫಲಕದೊಂದಿಗೆ ಹೋಲಿಸಬೇಕು. ಕ್ಯಾರವಾನ್ ಕಾರಿನ ತೂಕದ ಶೇಕಡಾ 85ರೊಳಗಿರಲಿ ಎಂಬುದು ಹೊಸಬರಿಗೆ ಹೇಳುವ ಹಿತವಚನ. ಫಲಕದ ಮಿತಿಗಳು ಮಾತ್ರ ಕಾನೂನು.

1997ರ ಜನವರಿ 1ರ ನಂತರ ಲೈಸೆನ್ಸ್ ಪಡೆದವರು ಭಾರಿ ಜೋಡಿಗಳಿಗಾಗಿ ಪ್ರತ್ಯೇಕ ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರ್ 16ರಿಂದ ಗ್ರೇಟ್ ಬ್ರಿಟನ್ನಿನಲ್ಲಿ 3,500 ಕೆ.ಜಿ.ವರೆಗಿನ ಟ್ರೈಲರ್‌ಗೆ ಆ ಪರೀಕ್ಷೆ ಇಲ್ಲ. ಪರೀಕ್ಷಕರು ಹೋದರು, ಹೊಣೆ ನಮ್ಮ ಹೆಗಲಿಗೆ ಬಂತು. ಅಂದಿನ ತಕ್ಕಡಿ ರಸ್ತೆಯನ್ನು ಕಾಯುತ್ತಿತ್ತು. ಇಂದಿನದು ಹಿಂದಿನ ಸೀಟಿನಲ್ಲಿ ಕುಳಿತ ನಮ್ಮ ಮಕ್ಕಳನ್ನು ಕಾಯುತ್ತದೆ. ಸಾಮಾನೆಲ್ಲ ತುಂಬಿದ ಮೇಲೆ ಒಮ್ಮೆ ತೂಗಿಸಿಯೇ ಹೊರಡೋಣ.